ಗುಡಿಸುವ ಹೊತ್ತು ಲೆಕ್ಕಕ್ಕಿಲ್ಲ ಎಂದು ಬರೆದವನಿಗೆ

ಸಾವಿರದ ಒಂಬೈನೂರ ಒಂದನೇ ಇಸವಿ, ಡಿಸೆಂಬರ್ ಹದಿನೆಂಟು, ಎರಡನೆಯ ಸಲ
ಮೂರನೇ ಬಾಗಿಲು, ಕೆಳಹಟ್ಟಿ

ತಾರೀಖು ನೋಡಿ ನಗಬೇಡಿ. ಅದು ನಿಮ್ಮದೇ ಕೈಕೆಲಸ. ನಿಮ್ಮ ಕಾಲದ ಸಣ್ಣ ಯಂತ್ರಗಳೊಳಗಿನ ಗಡಿಯಾರ ಎಣಿಸುತ್ತಾ ಎಣಿಸುತ್ತಾ ಹೋಗಿ, ಒಂದು ದಿನ ಜಾಗ ಸಾಲದೆ, ತಟ್ಟನೆ ಹಿಂದಕ್ಕೆ ಜಿಗಿದು ಸಾವಿರದ ಒಂಬೈನೂರ ಒಂದರ ಡಿಸೆಂಬರಿಗೆ ಬಂದು ಕೂರುತ್ತದೆ. ನಮ್ಮ ಅಜ್ಜಿಯ ಅಜ್ಜಿಯ ಕಾಲದಲ್ಲಿ ಒಮ್ಮೆ ಹಾಗೆ ಜಿಗಿದಿತ್ತಂತೆ. ಈಗ ಕೆಲವು ದಿನಗಳ ಹಿಂದೆ ಎರಡನೆಯ ಸಲ ಜಿಗಿಯಿತು. ಹೀಗಾಗುತ್ತದೆ ಎಂದು ನಿಮಗೆ ಮೊದಲೇ ಗೊತ್ತಿತ್ತು ಎಂದು ನಮ್ಮ ಹಳಬರು ಹೇಳುತ್ತಾರೆ. ಅಷ್ಟು ಹೊತ್ತಿಗೆ ನಾವೆಲ್ಲಿರುತ್ತೇವೆ ಬಿಡು ಎಂದುಕೊಂಡಿರಬೇಕು. ನೀವು ಇರಲಿಲ್ಲ, ನಿಜ. ನಾವಿದ್ದೆವು. ಆದರೆ ಈ ತಪ್ಪಿನಿಂದ ನನಗೊಂದು ಅನುಕೂಲವೂ ಆಗಿದೆ. ಈ ಯಂತ್ರದ ಲೆಕ್ಕದಲ್ಲಿ ನೀವು ಬದುಕಿದ್ದ ವರ್ಷ ಇನ್ನೂ ಮುಂದೆ ಬರಬೇಕಾಗಿದೆ. ಆದ್ದರಿಂದ ಕಾಗದವನ್ನು ಅದರೊಳಗೆ ಇಟ್ಟು ಬಿಡುತ್ತಿದ್ದೇನೆ. ನಿಮ್ಮ ವರ್ಷ ಬಂದಾಗ ಅದು ತಲುಪಿಸಲಿ. ತಲುಪಿಸುತ್ತದೆಯೋ ಇಲ್ಲವೋ ಎಂದು ನನ್ನನ್ನು ಕೇಳಬೇಡಿ, ಅದನ್ನು ಮಾಡಿದವರು ನೀವು.

ಇಂಥ ಕಾಗದಗಳಲ್ಲಿ ಮೊದಲು ಕ್ಷೇಮ ಸಮಾಚಾರ ಕೇಳುವುದು ಪದ್ಧತಿ. ನೀವೆಲ್ಲ ಎಂದೋ ಸತ್ತಿದ್ದೀರಿ, ಹಾಗಾಗಿ ಅದನ್ನು ಬಿಟ್ಟಿದ್ದೇನೆ. ನನ್ನ ಮಾತುಗಳು ನಿಮಗೆ ವಿಚಿತ್ರವಾಗಿ ಕಾಣಬಹುದು, ಅದಕ್ಕೆ ಕ್ಷಮೆ ಕೇಳುವುದೂ ಪದ್ಧತಿ. ಕೇಳಿದ್ದೇನೆ ಎಂದುಕೊಳ್ಳಿ. ಅರ್ಥವಾಗದ ಪದ ಬಂದಲ್ಲಿ ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ. ನಿಮ್ಮ ಮೇಲಿನ ಮರ್ಯಾದೆಯಿಂದಲ್ಲ, ಅರ್ಥವಾಗಲಿಲ್ಲ ಎಂಬ ನೆಪ ನಿಮಗೆ ಸಿಗಬಾರದು ಎಂಬ ಕಾರಣಕ್ಕೆ.

ನಾನು ಗಂಗುಲಮ್ಮ. ಕೆಳಹಟ್ಟಿಯ ಮೂರನೇ ಬಾಗಿಲಿಗೆ ಬರೆಯುವವಳು. ಕೆಳಹಟ್ಟಿ ಎಂದರೆ, ನಿಮ್ಮ ಹಿಂದಿನವರು ಚಿನ್ನಕ್ಕಾಗಿ ನೆಲವನ್ನು ಪಾತಾಳದವರೆಗೆ ಕೊರೆದು, ಚಿನ್ನ ಮುಗಿದ ಮೇಲೆ ಮುಚ್ಚದೆ ಬಿಟ್ಟುಹೋದ ಸುರಂಗಗಳಲ್ಲಿ ಮೇಲಿನಿಂದ ಐದನೆಯದು. ಮೇಲೆ ಈಗ ವರ್ಷದ ಹೆಚ್ಚಿನ ದಿನ ಮನುಷ್ಯ ನಿಲ್ಲುವಂತಿಲ್ಲ, ಬಿಸಿಲಿಗೆ ಚರ್ಮ ಸುಲಿಯುತ್ತದೆ. ತಂಪು ತಿಂಗಳುಗಳಲ್ಲಿ ಮಾತ್ರ ಹತ್ತಿ ಹೋಗಿ ರಾಗಿ ಬಿತ್ತಿ, ತೆನೆ ಕಟ್ಟುವಷ್ಟರಲ್ಲಿ ಕೊಯ್ದುಕೊಂಡು ಇಳಿಯುತ್ತೇವೆ. ಉಳಿದ ಕಾಲ ಅಣಬೆ, ದೀಪದ ಕೆಳಗೆ ಬೆಳೆಯುವ ಬಸಳೆ, ಆ ರಾಗಿಯ ಮುದ್ದೆ. ಇದನ್ನು ಕೇಳಿ ಅಯ್ಯೋ ಪಾಪ ಎನ್ನುವ ಅಗತ್ಯವಿಲ್ಲ. ನಮ್ಮಲ್ಲಿ ಮದುವೆಗಳಾಗುತ್ತವೆ, ಜಗಳಗಳಾಗುತ್ತವೆ, ಮಕ್ಕಳು ಬೇಡ ಎಂದರೂ ಗುಂಡಿಗಳಲ್ಲಿ ಆಡುತ್ತವೆ. ಬದುಕು ಚೆನ್ನಾಗಿಯೇ ಇದೆ, ಗಾಳಿಯೊಂದು ಸರಿಯಿರುವವರೆಗೆ. ನಮಗಿಂತ ಕೆಳಗಿನ ಸುರಂಗಗಳಿಂದ ಹೇಳದೆ ಕೇಳದೆ ಒಂದು ಕೆಟ್ಟ ಗಾಳಿ ಮೇಲೇಳುತ್ತದೆ. ಅದನ್ನು ಕೆಟ್ಟುಸಿರು ಎನ್ನುತ್ತೇವೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಎರಡು ಸಲ ಒಳಗೆಳೆದುಕೊಂಡವರು ಮೂರನೆಯದಕ್ಕೆ ಇರುವುದಿಲ್ಲ. ಅದನ್ನು ತಡೆಯುವುದೇ ಬಾಗಿಲುಗಳ ಕೆಲಸ. ಪ್ರತಿ ಬಾಗಿಲಿನ ಕೆಳಗೂ ಕೆಟ್ಟುಸಿರನ್ನು ಗುರುತಿಸುವ ಒಂದು ಮೂಗು ಇರುತ್ತದೆ, ಬಾಗಿಲಿನ ಪಕ್ಕದಲ್ಲಿ ಒಂದು ಕಾಳು. ಮೂಗು ಹೇಳಿದ ಕೂಡಲೇ ಕಾಳು ಬಾಗಿಲನ್ನು ಬೀಳಿಸಬೇಕು.

ಕಾಳು ಎಂದರೆ ನಿಮ್ಮ ಬಟ್ಟೆ ಒಗೆಯುವ ಯಂತ್ರ, ಕರೆಂಟಿನ ಮೀಟರು, ಮಕ್ಕಳ ಗೊಂಬೆಗಳ ಹೊಟ್ಟೆಯಲ್ಲಿದ್ದ ಪುಟ್ಟ ಮಿದುಳು. ಹೊಸದನ್ನು ಮಾಡುವ ವಿದ್ಯೆ ನಮಗಿಲ್ಲ. ತಂಪು ತಿಂಗಳಲ್ಲಿ ನಿಮ್ಮ ತಿಪ್ಪೆಗಳನ್ನು ಕೆದಕಿ ಆರಿಸಿ ತರುತ್ತೇವೆ. ಸಿಕ್ಕಿದ ನೂರರಲ್ಲಿ ತೊಂಬತ್ತಕ್ಕೆ ನೀವು ಬೀಗ ಹಾಕಿದ್ದೀರಿ, ಒಳಗೆ ಏನನ್ನೂ ಹೊಸದಾಗಿ ಬರೆಯುವಂತಿಲ್ಲ. ಅನ್ನ ಬೇಯಿಸುವ ಕುಕ್ಕರಿಗೂ ಬೀಗ! ಅನ್ನ ಬೇಯಿಸುವ ಯಾವ ಗುಟ್ಟನ್ನು ಯಾರು ಕದಿಯುತ್ತಾರೆ ಎಂದು ಹೆದರಿದ್ದಿರಿ? ಗೊಂಬೆಯ ಕಾಳುಗಳಿಗೆ ಮಾತ್ರ ಬೀಗ ಹಾಕಲು ನಿಮಗೆ ಬೇಜಾರಾಗಿರಬೇಕು, ಹಾಗಾಗಿ ನಮ್ಮ ಉಸಿರೆಲ್ಲ ಗೊಂಬೆಯ ಮಿದುಳುಗಳ ಮೇಲೆ ನಿಂತಿದೆ. ಅವುಗಳೊಳಗೆ ಜಾಗ ಬಹಳ ಕಡಿಮೆ. ಅಷ್ಟರಲ್ಲೇ ಎಲ್ಲ ಹಿಡಿಯಬೇಕು.

ಆ ಇಕ್ಕಟ್ಟಿನಲ್ಲಿ ನಮ್ಮ ಅಜ್ಜಿಯರು ಒಂದು ಬಗೆಯ ಬರವಣಿಗೆ ಕಲಿತರು. ಅದನ್ನು ಅಳಿಸದ ಬರಹ ಎನ್ನುತ್ತೇವೆ. ನೀವು ಅದರ ದೊಡ್ಡಣ್ಣನನ್ನು ಫಂಕ್ಷನಲ್ ಪ್ರೋಗ್ರಾಮಿಂಗ್ ಎಂದು ಕರೆಯುತ್ತಿದ್ದಿರಂತೆ. ನಿಮ್ಮ ಹೆಚ್ಚಿನ ಬರಹದಲ್ಲಿ ಯಾವ ಸಾಲು ಬೇಕಾದರೂ ಇನ್ನೊಂದು ಸಾಲಿನ ಹಲಗೆಯನ್ನು ಒರೆಸಿ ಬೇರೆ ಅಂಕಿ ಬರೆದು ಹೋಗುತ್ತಿತ್ತು. ಯಾರು ಒರೆಸಿದರು ಎಂದು ಆಮೇಲೆ ಹುಡುಕುತ್ತಾ ಕೂರುತ್ತಿದ್ದಿರಿ. ನಮಗೆ ಹುಡುಕಲು ಪುರುಸೊತ್ತಿಲ್ಲ. ನಮ್ಮಲ್ಲಿ ಒಂದು ಹೆಸರಿಗೆ ಒಮ್ಮೆ ಬೆಲೆ ಕೊಟ್ಟರೆ ಮುಗಿಯಿತು, ಅದನ್ನು ಯಾರೂ ಮುಟ್ಟುವುದಿಲ್ಲ. ಬೇರೆ ಬೆಲೆ ಬೇಕಾದರೆ ಬೇರೆ ಹೆಸರು. ಅದೇ ಪ್ರಶ್ನೆ ಕೇಳಿದರೆ ಅದೇ ಉತ್ತರ, ಇವತ್ತು ಕೇಳಿದರೂ ನಾಳೆ ಕೇಳಿದರೂ. ಹೀಗೆ ಬರೆದದ್ದನ್ನು ಒಬ್ಬ ಮನುಷ್ಯ ಕೂತು ಓದಿ, ಸರಿಯೋ ತಪ್ಪೋ ಎಂದು ಹೇಳಬಹುದು. ಆದರೆ ಅಳಿಸದೆ ಬರೆಯುತ್ತಾ ಹೋದರೆ ಜಾಗ ತುಂಬುತ್ತದೆ. ಅದಕ್ಕೆ ನಮ್ಮ ಅಜ್ಜಿಯರು ಇನ್ನೊಂದು ಕಟ್ಟುಪಾಡು ಮಾಡಿದರು: ಯಾವ ಹೆಸರು ಯಾವಾಗ ಎದ್ದು ಹೋಗಬೇಕು ಎಂಬುದನ್ನು ಬರೆಯುವವಳು ಬರೆಯುವಾಗಲೇ ಹೇಳಿರಬೇಕು.

ಇದನ್ನು ಪರೀಕ್ಷಿಸಲು ನಮ್ಮಲ್ಲಿ ಚೌಕ ನಿಲ್ಲುವುದು ಎಂಬ ಪದ್ಧತಿಯಿದೆ. ಹೊಸ ಬರಹವನ್ನು ಕಾಳಿಗೆ ಹಾಕುವ ಮೊದಲು ಹಟ್ಟಿಯ ನಡುಮನೆಯಲ್ಲಿ ಸುಣ್ಣದಿಂದ ಚೌಕಗಳನ್ನು ಎಳೆಯುತ್ತಾರೆ. ಕಾಳಿನಲ್ಲಿ ಎಷ್ಟು ಜಾಗವೋ ಅಷ್ಟೇ ಚೌಕ, ಒಂದು ಹೆಚ್ಚಿಲ್ಲ. ಒಂದೊಂದು ಹೆಸರಿಗೂ ಒಬ್ಬೊಬ್ಬರು ಹಲಗೆ ಹಿಡಿದು ಒಂದೊಂದು ಚೌಕದಲ್ಲಿ ನಿಲ್ಲುತ್ತಾರೆ. ಒಬ್ಬಳು ಮೂಗಾಗುತ್ತಾಳೆ, ಒಬ್ಬ ಬಾಗಿಲಾಗುತ್ತಾನೆ. ತಮಟೆ ಬಡಿಯುತ್ತದೆ. ಮೂಗು ಕೆಂಪು ಬಟ್ಟೆ ಎತ್ತಿದರೆ, ಲೆಕ್ಕ ಒಬ್ಬರಿಂದ ಒಬ್ಬರಿಗೆ ದಾಟಿ, ಮುಂದಿನ ಬಡಿತ ಬೀಳುವುದರೊಳಗೆ ಬಾಗಿಲಾದವನು ನೆಲಕ್ಕೆ ಕೂತಿರಬೇಕು. ಯಾರಾದರೂ ಚೌಕ ಸಿಗದೆ ಹೊರಗೆ ನಿಂತರೆ ಬರಹ ಬಿತ್ತು. ಬಾಗಿಲು ಬಡಿತ ತಪ್ಪಿಸಿದರೂ ಬಿತ್ತು. ಇಡೀ ಹಟ್ಟಿ ಬಂದು ನೋಡುತ್ತದೆ, ಹುರಿಗಡಲೆ ತಿನ್ನುತ್ತಾ ತಪ್ಪು ಹುಡುಕುತ್ತದೆ. ನನ್ನ ಎಷ್ಟೋ ಬರಹಗಳು ಹೀಗೆ ಎಲ್ಲರೆದುರು ಬಿದ್ದಿವೆ, ಅದರಲ್ಲಿ ನಾಚಿಕೆಯೇನಿಲ್ಲ. ತಮಟೆ ನಿಲ್ಲುವುದು ಒಂದೇ ಕಾರಣಕ್ಕೆ. ಹಿರಿಯರು ಯಾರಾದರೂ ನಡುಮನೆ ದಾಟಿ ಹೋಗಬೇಕಾದರೆ, ಅವರು ದಾಟುವ ತನಕ ಬಡಿತ ತಡೆದು, ಎಲ್ಲರೂ ಇದ್ದಲ್ಲೇ ನಿಂತು, ತಲೆ ತಗ್ಗಿಸುತ್ತೇವೆ. ಅವರು ದಾಟಿದ ಮೇಲೆ ಬಿಟ್ಟ ಕಡೆಯಿಂದ ಮುಂದುವರಿಯುತ್ತೇವೆ.

ತಮಟೆ ಬಡಿಯುವವಳು ನನ್ನ ತಂಗಿ ಅರುಳಮ್ಮ. ಅವಳ ಬಡಿತ ಎಂದರೆ ಬಡಿತ. ಕಣ್ಣು ಮುಚ್ಚಿ ಬಡಿದರೂ ಒಂದು ಹಿಂದೆ ಮುಂದೆ ಆಗುವುದಿಲ್ಲ. ಅವಳ ಗಂಡ ಚೌಡಪ್ಪ ಇದಕ್ಕೆ ಪೂರ್ತಿ ಉಲ್ಟಾ, ತಾಳವೆನ್ನುವುದೇ ಅವನ ರಕ್ತದಲ್ಲಿರಲಿಲ್ಲ. ಅವನ ಕೆಲಸ ಮೂರನೇ ಬಾಗಿಲಿನ ಮೇಲಿನ ಓಣಿಯಲ್ಲಿ, ನೀರಿನ ಕೊಳವೆಯ ತಿರುಪು ನೋಡಿಕೊಳ್ಳುವುದು. ಓಣಿಯಲ್ಲಿ ಒಬ್ಬರೇ ಕೆಲಸ ಮಾಡುವವರು ಹಾಡುತ್ತಲೇ ಇರಬೇಕು ಎಂಬುದು ನಮ್ಮ ನಿಯಮ, ಉಸಿರಿದೆ ಎಂದು ಮೇಲಿನವರಿಗೆ ತಿಳಿಯಲು. ಚೌಡಪ್ಪ ತಾನೇ ಕಟ್ಟಿದ ಒಂದು ಕುಂಬಳಕಾಯಿ ಹಾಡನ್ನು ದಿನವಿಡೀ ಹಾಡುತ್ತಿದ್ದ. ಅದಕ್ಕೆ ತಲೆಯೂ ಇರಲಿಲ್ಲ ಬುಡವೂ ಇರಲಿಲ್ಲ. ನಾನು ಕಿವಿ ಮುಚ್ಚಿಕೊಂಡರೆ, ಅಕ್ಕ ನಿನ್ನ ಬರಹಕ್ಕಿಂತ ನನ್ನ ಹಾಡು ಮೇಲು, ಇದು ಯಾವತ್ತೂ ಬಿದ್ದಿಲ್ಲ ಎಂದು ಅಲ್ಲಿಂದಲೇ ಕೂಗುತ್ತಿದ್ದ. ಅರುಳಮ್ಮ ಅವನನ್ನು ಎಲ್ಲರೆದುರು ಬಯ್ಯುತ್ತಿದ್ದಳು, ಮನೆಯಲ್ಲಿ ಮಾತ್ರ ಅವನು ಊಟಕ್ಕೆ ಬರುವುದು ಸ್ವಲ್ಪ ತಡವಾದರೆ ಹೊಸಿಲಿಗೆ ಬಂದು ಕಿವಿಗೊಟ್ಟು ನಿಲ್ಲುತ್ತಿದ್ದಳು.

ಮೂರನೇ ಬಾಗಿಲಿಗೆ ಮೊದಲು ಇದ್ದದ್ದು ನನ್ನ ತಾಯಿ ಬರೆದ ಬರಹ. ಅಂದಚೆಂದವಿಲ್ಲದ, ಹೆದರುಪುಕ್ಕಲ ಬರಹ. ಮೂಗು ಸ್ವಲ್ಪ ಸೀನಿದರೂ ಬಾಗಿಲು ಬೀಳಿಸುತ್ತಿತ್ತು. ದಿನಕ್ಕೆ ನಾಲ್ಕಾರು ಸಲ ಸುಮ್ಮಸುಮ್ಮನೆ ಬಿದ್ದು, ಅದನ್ನು ಎತ್ತುವಷ್ಟರಲ್ಲಿ ಎಲ್ಲರಿಗೂ ಸಾಕಾಗುತ್ತಿತ್ತು. ಆ ಹೊತ್ತಿನಲ್ಲೇ ನಮ್ಮ ಓದಾಳುಗಳು, ಅಂದರೆ ನಿಮ್ಮ ಹಳೆಯ ಬರಹಗಳನ್ನು ಬಿಡಿಸಿ ಓದುವ ಗುಂಪು, ಒಂದು ನಿಧಿ ಸಿಕ್ಕಿತು ಎಂದು ಕುಣಿದಾಡುತ್ತಾ ಬಂದರು. ಅವರ ಯಜಮಾನ ಲಿಂಗೋಜಿ ತಾತ. ಒಳ್ಳೆಯ ಮುದುಕ, ನಿಮ್ಮನ್ನು ದೇವರೆಂದು ನಂಬಿದವನು. ಅವನಿಗೆ ಸಿಕ್ಕಿದ್ದು ನಿಮ್ಮ ಕಾಲದವನೊಬ್ಬ ಬರೆದ ಅಳಿಸದ ಬರಹ. ಮೂಗಿನ ಹಿಂದಿನ ಎಲ್ಲ ಉಸಿರುಗಳನ್ನೂ ಸಾಲಾಗಿ ನೆನಪಿಟ್ಟುಕೊಂಡು, ಇದು ಸೀನೋ ನಿಜವಾದ ಕೆಟ್ಟುಸಿರೋ ಎಂದು ತೂಗಿ ನೋಡುವ ಬರಹ. ಸುಂದರವಾಗಿತ್ತು, ಸುಳ್ಳೇಕೆ ಹೇಳಲಿ. ಒಂದು ಸಾಲೂ ಇನ್ನೊಂದರ ತಂಟೆಗೆ ಹೋಗುತ್ತಿರಲಿಲ್ಲ. ಯಾರು ಯಾವಾಗ ಎದ್ದು ಹೋಗಬೇಕು ಎಂದು ಮಾತ್ರ ಅದರಲ್ಲಿ ಎಲ್ಲೂ ಹೇಳಿರಲಿಲ್ಲ. ಅದರ ಬದಲು ಬರಹದೊಳಗೇ ಒಬ್ಬ ಪೊರಕೆಯವನಿದ್ದ, ಅಂದರೆ ಗುಡಿಸುವುದಕ್ಕೆಂದೇ ಬರೆದ ಇನ್ನೊಂದು ಬರಹ. ಜಾಗ ತುಂಬಿದಾಗ ಅವನು ಬರುತ್ತಾನೆ, ಎಲ್ಲ ಕೆಲಸವೂ ನಿಲ್ಲುತ್ತದೆ, ಅವನು ಒಬ್ಬೊಬ್ಬರ ಹತ್ತಿರವೂ ಹೋಗಿ, ನಿನ್ನನ್ನು ಕೇಳುವವರು ಇನ್ನೂ ಯಾರಾದರೂ ಇದ್ದಾರೆಯೇ ಎಂದು ವಿಚಾರಿಸುತ್ತಾನೆ. ಕೇಳುವವರು ಇಲ್ಲದವರನ್ನು ಹೊರಗೆ ಗುಡಿಸಿಹಾಕುತ್ತಾನೆ. ಇದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬ ಪ್ರಶ್ನೆ ನಿಮ್ಮವನಿಗೂ ಬಂದಿತ್ತು. ಬರಹದ ಅಂಚಿನಲ್ಲಿ ಅವನು ಒಂದು ಸಾಲು ಬರೆದಿಟ್ಟಿದ್ದ: ಗುಡಿಸುವ ಹೊತ್ತು ಲೆಕ್ಕಕ್ಕಿಲ್ಲ.

ಲಿಂಗೋಜಿ ತಾತ ಆ ಸಾಲನ್ನು ಎಲ್ಲರಿಗೂ ಓದಿ ಹೇಳಿದ. ಬರೆದವನ ಯಂತ್ರ ಅರಮನೆಯಷ್ಟು ದೊಡ್ಡದಿತ್ತು, ಅಲ್ಲಿ ಗುಡಿಸುವುದು ಕಣ್ಣು ಮಿಟುಕಿಸಿದಷ್ಟು ಎಂಬುದು ನಮಗೆ ಗೊತ್ತಿರಲಿಲ್ಲ. ಅರಮನೆಯಲ್ಲಿ ಯಾವಾಗಲೋ ಒಮ್ಮೆ ಗುಡಿಸಿದರೆ ಸಾಕು, ನಮ್ಮ ಕಾಳಿನಂಥ ಗೂಡಿನಲ್ಲಿ ಗುಡಿಸುತ್ತಲೇ ಇರಬೇಕು. ಚೌಕ ನಿಲ್ಲುವ ದಿನ ಬಂತು. ಎಲ್ಲ ಚೆನ್ನಾಗಿಯೇ ನಡೆಯಿತು. ಚೌಕಗಳು ತುಂಬಿದವು, ಪೊರಕೆಯವನಾಗಿ ನಿಂತಿದ್ದವನು ಒಳಗೆ ಬಂದ. ಲಿಂಗೋಜಿ ಅವನಿಗೆ ರುಮಾಲು ಸುತ್ತಿಸಿದ್ದ. ಅವನು ಪೂರ್ವಿಕರು ಕಳಿಸಿದ ಆಳಲ್ಲವೇ, ಅಂದಮೇಲೆ ಹಿರಿಯರು ದಾಟಿದ ಹಾಗೆಯೇ ಎಂದು ತಾತ ಕೈಯೆತ್ತಿದ. ಅರುಳಮ್ಮ ಪದ್ಧತಿಯಂತೆ ಬಡಿತ ತಡೆದಳು. ನಾವೆಲ್ಲ ತಲೆ ತಗ್ಗಿಸಿದೆವು. ಪೊರಕೆಯವನು ಒಬ್ಬೊಬ್ಬರನ್ನೇ ವಿಚಾರಿಸಿ, ಬೇಡದವರನ್ನು ಕಳಿಸಿ, ಗಂಭೀರವಾಗಿ ಹೊರಟುಹೋದ. ತಮಟೆ ಬಿಟ್ಟ ಕಡೆಯಿಂದ ಶುರುವಾಯಿತು. ಒಂದು ಬಡಿತವೂ ತಪ್ಪಿರಲಿಲ್ಲ, ಬರಹ ಗೆದ್ದಿತು. ಬೇರೆ ಯಾವ ಜನವೂ ಇಂಥ ತಪ್ಪು ಮಾಡಲಾರದು. ಮರ್ಯಾದೆಗೆ ತಮಟೆಯನ್ನು ನಿಲ್ಲಿಸಿ, ಗಾಳಿಯೂ ನಿಂತಿದೆ ಎಂದುಕೊಂಡೆವು.

ಆಮೇಲೆ ಕೆಲವು ತಿಂಗಳು ನಿಮ್ಮ ಹೆಸರಿನಲ್ಲಿ ದೀಪ ಹಚ್ಚಿದ್ದೂ ಉಂಟು. ಬಾಗಿಲು ಸುಮ್ಮಸುಮ್ಮನೆ ಬೀಳುವುದು ನಿಂತಿತು. ಚೌಡಪ್ಪ ಓಣಿಯಲ್ಲಿ ಕಾಲುಚಾಚಿ ಕೂತು ಹಾಡುತ್ತಿದ್ದ. ಈಗ ನನ್ನ ಹಾಡಿಗೆ ಅಡ್ಡಿ ಮಾಡುವವರೇ ಇಲ್ಲ ಎನ್ನುತ್ತಿದ್ದ. ನಿಜವಾದ ಕೆಟ್ಟುಸಿರು ಬಂದಾಗಲೂ ಬಾಗಿಲು ಸರಿಯಾಗಿ ಬಿದ್ದಿತು. ಆಗೆಲ್ಲ ಪೊರಕೆಯವನು ಗುಡಿಸುತ್ತಿರಲಿಲ್ಲ, ಅಷ್ಟೇ.

ಆ ದಿನ ಬೆಳಗಿನ ಊಟ ಮುಗಿದಿತ್ತು. ಅರುಳಮ್ಮ ಬಸಳೆ ಸೋಸುತ್ತಿದ್ದಳು, ನಾನು ಪಕ್ಕದಲ್ಲಿದ್ದೆ. ಓಣಿಯಿಂದ ಕುಂಬಳಕಾಯಿ ಹಾಡು ಕೇಳುತ್ತಿತ್ತು, ಎಂದಿನ ಅಪಸ್ವರದಲ್ಲಿ. ಸಾಲಿನ ನಡುವೆ ಹಾಡು ನಿಂತಿತು. ಅರುಳಮ್ಮನ ಕೈಯೂ ನಿಂತಿತು. ಸ್ವಲ್ಪ ಹೊತ್ತಿನ ನಂತರ ಬಾಗಿಲು ಬಿದ್ದ ಸದ್ದು ಬಂತು. ಮೊದಲು ಹಾಡು ನಿಂತು, ಆಮೇಲೆ ಬಾಗಿಲು. ಅದರ ಅರ್ಥ ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ನಿಮ್ಮ ಪೊರಕೆಯವನು ಒಳಗೆ ಗುಡಿಸುತ್ತಿದ್ದಾಗ ಮೂಗು ಕೂಗಿದೆ. ಅವನು ತಲೆಯೆತ್ತಲಿಲ್ಲ. ಒಬ್ಬೊಬ್ಬರನ್ನೇ ವಿಚಾರಿಸಿ, ಮೂಲೆ ಮೂಲೆ ಗುಡಿಸಿ, ಕೈತೊಳೆದುಕೊಂಡು ಬಂದು, ಆಮೇಲೆ ಬಾಗಿಲು ಹಾಕಿದ್ದಾನೆ. ಚೌಡಪ್ಪನನ್ನು ಕೇಳುವವರು ಇದ್ದರು. ಅವನ ಬಗ್ಗೆ ಯಾರೂ ವಿಚಾರಿಸಲಿಲ್ಲ.

ಅವನನ್ನು ಮಣ್ಣು ಮಾಡಿದ ಮೇಲೆ ಹಟ್ಟಿಯವರು ಕೂತು ಮಾತಾಡಿದರು. ಓದಾಳುಗಳು ಕಾಳನ್ನು ಬಿಚ್ಚಿ ನೋಡಿ, ಬರಹದಲ್ಲಿ ತಪ್ಪಿಲ್ಲ ಎಂದರು. ಮೂಗು ಹೇಳಿದ್ದನ್ನು ಸರಿಯಾಗಿಯೇ ತೂಗಿದೆ, ಉತ್ತರವೂ ಸರಿಯಾಗಿಯೇ ಬಂದಿದೆ ಎಂದರು. ಉತ್ತರ ಸರಿಯಾಗಿತ್ತು, ನಾನೂ ನೋಡಿದೆ. ತಡವಾಗಿತ್ತು. ತಡವಾಗಿ ಬಂದ ಸರಿ ಉತ್ತರವನ್ನು ನಮ್ಮ ಓಣಿಯಲ್ಲಿ ತಪ್ಪು ಉತ್ತರ ಎಂದೇ ಕರೆಯಬೇಕು ಎಂದು ನಾನು ಕೂಗಾಡಿದೆ. ಆದರೆ ಪೂರ್ವಿಕರ ಬರಹ ಚೌಕದಲ್ಲಿ ಗೆದ್ದಿದೆಯಲ್ಲ, ಅಂದಮೇಲೆ ಕೆಟ್ಟುಸಿರೇ ಈ ಸಲ ಅವಸರ ಮಾಡಿರಬೇಕು ಎಂದು ತೀರ್ಮಾನವಾಯಿತು. ಚೌಡಪ್ಪ ಹಾಡುವುದನ್ನು ಮರೆತು ನಿದ್ದೆ ಹೋಗಿದ್ದನೋ ಏನೋ ಎಂದೂ ಯಾರೋ ಹೇಳಿದರು. ಅದನ್ನು ಕೇಳಿ ಅರುಳಮ್ಮ ಎದ್ದು ಹೋದಳು. ಅದೇ ಬರಹವನ್ನು ನಾಲ್ಕನೇ ಮತ್ತು ಐದನೇ ಬಾಗಿಲಿಗೂ ಹಾಕುವುದೆಂದೂ, ಸಂಶಯ ಇರುವವರ ಸಮಾಧಾನಕ್ಕೆ ಇನ್ನೊಮ್ಮೆ ಚೌಕ ನಿಲ್ಲಿಸುವುದೆಂದೂ ನಿಶ್ಚಯವಾಯಿತು. ಐದನೇ ಬಾಗಿಲಿನ ಮೇಲೆ ನಮ್ಮ ಮಕ್ಕಳು ಮಲಗುವ ಮನೆಯಿದೆ.

ಇಲ್ಲಿಯವರೆಗೆ ನಿಮ್ಮನ್ನೆಲ್ಲ ಸೇರಿಸಿ ಮರ್ಯಾದೆಯಿಂದ ಮಾತಾಡಿಸಿದೆ. ಇನ್ನು ಆಗುವುದಿಲ್ಲ. ಇನ್ನು ಮುಂದಿನದು ಆ ಒಂದು ಸಾಲು ಬರೆದವನಿಗೆ ಮಾತ್ರ. ನಿನ್ನ ಹೆಸರು ನನಗೆ ಗೊತ್ತಿಲ್ಲ, ಗೊತ್ತಿದ್ದರೆ ನಮ್ಮ ನಾಯಿಗೆ ಇಡುತ್ತಿದ್ದೆ. ನೀನು ದಡ್ಡನಲ್ಲ. ದಡ್ಡನಾಗಿದ್ದರೆ ಇಷ್ಟು ಕೋಪ ಬರುತ್ತಿರಲಿಲ್ಲ. ಆ ಪ್ರಶ್ನೆ ನಿನಗೆ ಹೊಳೆದಿತ್ತು, ಬೆರಳು ಅಲ್ಲಿಯವರೆಗೆ ಹೋಗಿತ್ತು. ಅಳೆದು ನೋಡಿದ್ದರೆ ಒಂದು ಮಧ್ಯಾಹ್ನದ ಕೆಲಸ. ಅತಿ ಕೆಟ್ಟ ಗಳಿಗೆಯಲ್ಲಿ ಎಷ್ಟು ಹೊತ್ತಾಗಬಹುದು ಎಂದು ಒಂದು ಅಂಕಿ ಬರೆದಿದ್ದರೆ ಸಾಕಿತ್ತು. ಅದೂ ಬೇಡ, ನಾನು ಅಳೆದಿಲ್ಲ ಎಂದು ಬರೆದಿದ್ದರೂ ಸಾಕಿತ್ತು. ನಾವು ಅಳೆದುಕೊಳ್ಳುತ್ತಿದ್ದೆವು. ಲೆಕ್ಕಕ್ಕಿಲ್ಲ ಎಂದೆ. ಯಾರ ಲೆಕ್ಕಕ್ಕೆ? ನಿನ್ನ ಯಂತ್ರದ ಮುಂದೆ ಯಾರ ಗಂಡನೂ ಕೂತು ಹಾಡುತ್ತಿರಲಿಲ್ಲ. ಹಾಗಾಗಿ ನಿನ್ನ ಲೆಕ್ಕದಲ್ಲಿ ಇರಲಿಲ್ಲ.

ಎರಡನೆಯ ಸಲ ಚೌಕ ನಿಲ್ಲುವ ದಿನ ಅರುಳಮ್ಮ ಬರುವುದಿಲ್ಲ ಎಂದೇ ಎಲ್ಲರೂ ತಿಳಿದಿದ್ದರು. ಅವಳು ಸತ್ತವನ ಮನೆಯವಳು, ಮಾತು ಬಿಟ್ಟು ಎಷ್ಟೋ ದಿನವಾಗಿತ್ತು. ಬಂದಳು. ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸಿ ಬಿಗಿ ಮಾಡಿದಳು, ತನ್ನ ಜಾಗದಲ್ಲಿ ನಿಂತಳು. ನಾನು ಅವಳ ಮುಖ ನೋಡಲಾರದೆ ಚೌಕಗಳನ್ನು ನೋಡುತ್ತಾ ನಿಂತೆ. ಬಡಿತ ಶುರುವಾಯಿತು. ಒಂದೊಂದಾಗಿ ಚೌಕಗಳು ತುಂಬಿದವು, ರುಮಾಲಿನ ಪೊರಕೆಯವನು ಒಳಗೆ ಕಾಲಿಟ್ಟ, ಲಿಂಗೋಜಿ ತಾತ ಹಿಂದಿನ ಸಲದಂತೆಯೇ ಕೈಯೆತ್ತಿದ. ನಾವು ತಲೆ ತಗ್ಗಿಸಿದೆವು. ತಮಟೆ ನಿಲ್ಲಲಿಲ್ಲ.

ಜನ ತಲೆಯೆತ್ತಿ ನೋಡಿದರು. ಮುದುಕನಿಗೆ ಅವಳು ಗಮನಿಸಿಲ್ಲ ಎನ್ನಿಸಿರಬೇಕು. ಹತ್ತಿರ ಬಂದು, ಬಹಳ ಮೆತ್ತಗೆ, "ನಿಲ್ಸು ಅಮ್ಮಣ್ಣಿ, ದೊಡ್ಡೋರು ದಾಟ್ತಾವ್ರೆ" ಎಂದ.

ಅರುಳಮ್ಮ ಬಡಿಯುತ್ತಲೇ ಇದ್ದಳು. "ಗಾಳಿ ನಿಂತ್ರೆ ನಾನೂ ನಿಲ್ಲಿಸ್ತೀನಿ ತಾತ" ಎಂದಳು.

ಅವಳು ಕೂಗಲಿಲ್ಲ. ತಮಟೆಯ ಸದ್ದಿನ ನಡುವೆ ಮುಂದಿನ ಸಾಲಿನವರಿಗಷ್ಟೇ ಕೇಳಿಸಿತು, ಅವರು ಹಿಂದಿನವರಿಗೆ ಹೇಳಿದರು. ಅಷ್ಟರಲ್ಲಿ ಮೂಗಾಗಿ ನಿಂತಿದ್ದವಳಿಗೆ ಏನು ತೋಚಿತೋ, ಕೆಂಪು ಬಟ್ಟೆ ಎತ್ತಿಬಿಟ್ಟಳು. ಯಾರೂ ಅಲುಗಾಡುವಂತಿರಲಿಲ್ಲ, ಪೊರಕೆಯವನು ಇನ್ನೂ ಎರಡನೇ ಸಾಲಿನಲ್ಲಿದ್ದ. ಬಡಿತ ಬಿತ್ತು. ಬಾಗಿಲು ನಿಂತೇ ಇತ್ತು. ಪೊರಕೆಯವನು ಗಾಬರಿಯಾಗಿ ಬೇಗ ಬೇಗ ವಿಚಾರಿಸತೊಡಗಿದ, ನಿನ್ನನ್ನು ಕೇಳುವವರಿದ್ದಾರಾ, ನಿನ್ನನ್ನು ಕೇಳುವವರಿದ್ದಾರಾ. ಇನ್ನೊಂದು ಬಡಿತ ಬಿತ್ತು. ಮತ್ತೊಂದು. ಒಂದೊಂದು ಬಡಿತಕ್ಕೂ ನಮ್ಮೆಲ್ಲರ ಎದೆಯೊಳಗೆ ಒಂದೇ ಮಾತು ಓಡುತ್ತಿತ್ತು, ಈಗ ಚೌಡಪ್ಪ ಒಂದು ಉಸಿರು ಎಳೆದುಕೊಂಡ, ಈಗ ಎರಡನೆಯದು. ಬಾಗಿಲಾಗಿದ್ದವನು ಕೊನೆಗೆ ಕೂತ. ಎಷ್ಟು ಬಡಿತ ಕಳೆದಿದ್ದವು ಎಂದು ನಾನು ಎಣಿಸಲಿಲ್ಲ. ಎಣಿಸಬೇಕಾದವನು ನೀನು.

ಲಿಂಗೋಜಿ ತಾತನ ಕೈ ಇನ್ನೂ ಮೇಲೆಯೇ ಇತ್ತು. ಅದನ್ನು ಮೆಲ್ಲಗೆ ಇಳಿಸಿ, ತಾನೇ ನಡುಮನೆ ದಾಟಿ ಪೊರಕೆಯವನ ರುಮಾಲನ್ನು ಬಿಚ್ಚಲು ಹೊರಟ. ಹಟ್ಟಿಯಲ್ಲಿ ಅವನಿಗಿಂತ ಹಿರಿಯರಿಲ್ಲ. ಅರುಳಮ್ಮ ಅವನಿಗಾಗಿಯೂ ತಮಟೆ ನಿಲ್ಲಿಸಲಿಲ್ಲ. ಮುದುಕ ಒಂದು ಹೆಜ್ಜೆ ಇಟ್ಟು ತಡೆದ, ಅವಳ ಕಡೆ ನೋಡಿದ, ಆಮೇಲೆ ಪಂಚೆ ಎತ್ತಿ ಹಿಡಿದುಕೊಂಡು ಬಡಿತಕ್ಕೆ ಸರಿಯಾಗಿ ದಡದಡ ಹೆಜ್ಜೆ ಹಾಕುತ್ತಾ ದಾಟಿದ. ನನ್ನ ಜೀವಮಾನದಲ್ಲಿ ಹಿರಿಯನೊಬ್ಬ ಚೌಕಗಳ ನಡುವೆ ಓಡಿದ್ದನ್ನು ನಾನು ನೋಡಿದ್ದು ಅಂದೇ ಮೊದಲು. ಅವನು ಅಳುತ್ತಿದ್ದ. ಅವನ ಮೇಲೆ ನನಗಿದ್ದ ಸಿಟ್ಟು ಅಲ್ಲಿಗೆ ಇಳಿಯಿತು, ನಿನ್ನ ಮೇಲಿನದು ಇಳಿದಿಲ್ಲ.

ನಿನ್ನ ಬರಹವನ್ನು ಕಾಳಿನಿಂದ ತೆಗೆದೆವು. ನನ್ನ ತಾಯಿಯ ಹೆದರುಪುಕ್ಕಲ ಬರಹ ಮತ್ತೆ ಬಂದಿದೆ, ಬಾಗಿಲು ಮತ್ತೆ ಸುಮ್ಮಸುಮ್ಮನೆ ಬೀಳುತ್ತದೆ, ಜನ ಗೊಣಗುತ್ತಾ ಎತ್ತುತ್ತಾರೆ. ನಿನ್ನ ತೂಗಿ ನೋಡುವ ಲೆಕ್ಕವನ್ನು ನಾನು ಬಿಟ್ಟಿಲ್ಲ. ಹಿಂದಿನ ಉಸಿರುಗಳಲ್ಲಿ ಎಂಟನ್ನು ಮಾತ್ರ ಇಟ್ಟುಕೊಂಡು, ಹೊಸದು ಬಂದಾಗ ಹಳೆಯದೊಂದು ಎದ್ದು ಹೋಗುವ ಹಾಗೆ, ಪೊರಕೆಯವನೇ ಬೇಕಿಲ್ಲದ ಹಾಗೆ ಬರೆಯುತ್ತಿದ್ದೇನೆ. ಇದನ್ನು ಕೃತಜ್ಞತೆ ಎಂದು ತಿಳಿಯಬೇಡ. ತಮಟೆ ಈಗ ಯಾರಿಗೂ ನಿಲ್ಲುವುದಿಲ್ಲ. ಹಿರಿಯರು ಬಂದರೂ, ಹೆಣ ಬಂದರೂ ಬಡಿತ ಬಡಿತವೇ. ಓಣಿಯ ತಿರುಪಿನ ಕೆಲಸವನ್ನು ಅರುಳಮ್ಮ ತಾನೇ ಕೇಳಿ ಪಡೆದಿದ್ದಾಳೆ. ಅವಳೂ ಹಾಡುತ್ತಾ ಇರಬೇಕಲ್ಲ, ಕುಂಬಳಕಾಯಿ ಹಾಡನ್ನೇ ಹಾಡುತ್ತಾಳೆ, ತಾಳಕ್ಕೆ ಸರಿಯಾಗಿ. ಅವನು ಹಾಡಿದ ಹಾಗೆ ಅವಳಿಗೆ ಬರುವುದಿಲ್ಲ. ಈ ಕಾಗದ ಬರೆಯುವಾಗಲೂ ನನ್ನ ಒಂದು ಕಿವಿ ಆ ಕಡೆಯೇ ಇದೆ.

ನಿನ್ನ ವರ್ಷ ಬಂದು, ಈ ಕಾಗದ ನಿನಗೆ ಸಿಕ್ಕಿ, ಆ ಸಾಲನ್ನು ನೀನಿನ್ನೂ ಬರೆದಿಲ್ಲದಿದ್ದರೆ, ಒಂದು ಕೆಲಸ ಮಾಡು. ನಿನಗೆ ಬೇಕಾದವರೊಬ್ಬರನ್ನು ಎದುರಿಗೆ ಕೂರಿಸಿಕೊ. ಹೆಂಡತಿಯೋ, ಮಗುವೋ, ತಂಗಿಯೋ, ಊಟಕ್ಕೆ ತಡವಾದರೆ ನೀನು ಹೊಸಿಲಿಗೆ ಬಂದು ನಿಲ್ಲುವಂಥವರು. ಮೂಗು ಬಾಯಿ ಮುಚ್ಚಿ ಉಸಿರು ಬಿಗಿಹಿಡಿಯಲು ಹೇಳು. ಆಮೇಲೆ ನಿನ್ನ ಪೊರಕೆಯವನನ್ನು ಕರೆ. ಅವನು ಎಲ್ಲರನ್ನೂ ವಿಚಾರಿಸಿ, ಮೂಲೆ ಮೂಲೆ ಗುಡಿಸಿ ಮುಗಿಸುವ ತನಕ ಅವರ ಮುಖದಿಂದ ಕಣ್ಣು ತೆಗೆಯಬೇಡ. ಅವರು ಕೈಬೀಸಿ ಸಾಕು ಎಂದರೂ ಬಿಡಬೇಡ, ನಮ್ಮವನು ಹಾಗೆ ಕೈಬೀಸಿದಾಗ ಬಿಟ್ಟವರು ಯಾರೂ ಇರಲಿಲ್ಲ. ಅವನು ಗುಡಿಸಿ ಮುಗಿಸಲಿ.

ಆಮೇಲೆ ಬರೆ, ಆ ಹೊತ್ತು ಲೆಕ್ಕಕ್ಕಿದೆಯೋ ಇಲ್ಲವೋ.

ಚೌಡಪ್ಪ ಅಕ್ಕ ಎಂದು ಕರೆಯುತ್ತಿದ್ದವಳು,
ಗಂಗುಲಮ್ಮ